ಜಪಾನಿನ ಡಬ್ಬ, ಅವ್ವನ ಫೋಟೊ

ಬುದ್ಧಿ ಬಲಿತಿರಬೇಕಾದ ಐವತ್ಮೂರನೆಯ ವಯಸ್ಸಿನಲ್ಲಿ ನಾನೊಂದು ಕ್ಯಾಮೆರಾ ಕೊಂಡೆ. ಮನೆಯಲ್ಲಿ ನಾಲ್ಕು ಫೋನುಗಳಿದ್ದವು, ನಾಲ್ಕೂ ಫೋಟೊ ತೆಗೆಯುತ್ತಿದ್ದವು. ನಾನು ಕೊಂಡದ್ದು ನನಗಿಂತ ವಯಸ್ಸಾದ, ಜಪಾನಿನಲ್ಲಿ ಹುಟ್ಟಿದ, ರಾಗಿ ತುಂಬಿದ ಸೇರಿನಷ್ಟು ತೂಕದ ಒಂದು ಕಪ್ಪು ಡಬ್ಬವನ್ನು.

ಇಂಥ ಡಬ್ಬಗಳನ್ನು ಹೊಗಳುವ ಒಂದು ಪಂಗಡವೇ ಅಂತರ್ಜಾಲದಲ್ಲಿದೆ. ಕೈಗೆಟುಕುವ ಬೆಲೆ ಎಂಬುದು ಅವರ ಮಂತ್ರ. ಎಟುಕುವುದು ಡಬ್ಬ ಮಾತ್ರ. ಅದಕ್ಕೆ ತುಂಬುವ ಅಗಲದ ರೀಲು, ತೊಳೆಸಲು ಬೆಂಗಳೂರಿಗೆ ಕಳಿಸುವ ಕೊರಿಯರ್ರು, ಬೆಳಕು ಅಳೆಯುವ ಇನ್ನೊಂದು ಯಂತ್ರ, ಇವೆಲ್ಲ ಮದುವೆಯಾದ ಮೇಲೆ ಒಬ್ಬೊಬ್ಬರಾಗಿ ಬಂದಿಳಿಯುವ ನೆಂಟರು. ಒಂದು ರೀಲಿಗೆ ಹನ್ನೆರಡೇ ಫೋಟೊ. ಈ ಕೊರತೆಯನ್ನು ಆ ಪಂಗಡದವರು ಧ್ಯಾನ ಎನ್ನುತ್ತಾರೆ. ನಾನೂ ಒಂದು ವಾರ ಹಾಗೆಯೇ ಹೇಳಿಕೊಂಡು ತಿರುಗಿದೆ.

ಡಬ್ಬಕ್ಕೆ ಎರಡು ಕಣ್ಣು, ಒಂದರ ಕೆಳಗೊಂದು. ಮೇಲಿನದು ನೋಡುತ್ತದೆ, ಚಿತ್ರ ತೆಗೆಯುವುದಿಲ್ಲ. ಕೆಳಗಿನದು ತೆಗೆಯುತ್ತದೆ, ಅದು ಏನು ಕಂಡಿತೆಂದು ನಮಗೆ ಗೊತ್ತಾಗುವುದಿಲ್ಲ. ಇಪ್ಪತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನಿಗೆ ಈ ಏರ್ಪಾಡು ಹೊಸದೆನಿಸಲಿಲ್ಲ.

ನಿಜಕ್ಕೂ ಫೋಟೊ ಬೇಕಾಗಿದ್ದದ್ದು ನನ್ನ ಅವ್ವನಿಗೆ. ಪಕ್ಕದ ಬೀದಿಯ ನಿಂಗಮ್ಮ ತೀರಿಕೊಂಡಾಗ ಮಕ್ಕಳು ಆಕೆಯ ಗುರುತಿನ ಚೀಟಿಯ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ತಿಥಿಯೂಟಕ್ಕೆ ಬಂದವರನ್ನೆಲ್ಲ ಆಕೆ ಅರೆಗಣ್ಣಿನಲ್ಲಿ, ಕಳ್ಳರನ್ನು ನೋಡಿದಂತೆ ನೋಡುತ್ತಿದ್ದಳು. ಉಂಡು ಬಂದ ಅವ್ವ ನನ್ನನ್ನು ಕರೆದಳು.

"ಲೇ ಮಗ, ನಿಮ್ಮಪ್ಪನ ಪಕ್ಕಕ್ಕೆ ಆ ಕಾರ್ಡಿನ ಮೊಕ ನೇತಾಕ್ಬುಟ್ಟೀಯ. ಒಂದು ಸರ್ಯಾದ ಫೋಟ ತೆಗೆದಿಡು. ನಾನು ನೋಡಿ ಒಪ್ಕಂಡ್ಮ್ಯಾಕೆ ಸಾಯ್ತೀನಿ."

ಗೋಡೆಯ ಮೇಲಿನ ಅಪ್ಪನ ಫೋಟೊ ಹಳೆಯ ಸ್ಟುಡಿಯೋದ್ದು, ಮೀಸೆಯ ಒಂದೊಂದು ಕೂದಲೂ ಕಾಣುವಂಥದ್ದು. ಅದಕ್ಕೆ ಸರಿಸಮನಾದದ್ದು ಈ ಡಬ್ಬದಿಂದ ಮಾತ್ರ ಸಾಧ್ಯವೆಂದು ನಾನು ಮನೆಮಂದಿಗೆಲ್ಲ ಭಾಷಣ ಮಾಡಿದೆ.

"ಫೋನಲ್ಲಿ ತೆಗೆದಿದ್ರೆ ಇಷ್ಟೊತ್ಗೆ ಕಟ್ಟು ಹಾಕ್ಸಿ ತರಬೋದಿತ್ತು," ಎಂದಳು ಹೆಂಡತಿ, ಹುರುಳಿಕಾಯಿ ಬಿಡಿಸುತ್ತ.

ಹಿತ್ತಿಲಿನ ರೇಷ್ಮೆಹುಳದ ಮನೆಯ ಮುಂದೆ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿದೆ. ಈ ಡಬ್ಬವನ್ನು ಹೊಟ್ಟೆಯ ಮುಂದೆ ಹಿಡಿದು, ತಲೆ ತಗ್ಗಿಸಿ, ಅದರ ನೆತ್ತಿಯ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡ ಬಲವಾಗಿರುತ್ತದೆ. ಅವ್ವನನ್ನು ನಡುವೆ ತರಲು ನಾನು ತಿರುಗಿಸಿದಷ್ಟೂ ಅವಳು ಅಂಚಿಗೆ ಸರಿಯುತ್ತಿದ್ದಳು.

"ಅದೇನ್ಲಾ ಹೊಕ್ಳ ನೋಡ್ಕಂಡು ನಿಂತಿದ್ದೀಯ, ನಾನಿಲ್ಲಿವ್ನಿ," ಎಂದು ಅವಳು ಕೈಯೆತ್ತಿದಾಗ ನನ್ನ ಬೆರಳು ಜಾರಿ ಮೊದಲನೆಯದು ಹಾಳಾಯಿತು. ಆಮೇಲಿನ ಒಂಬತ್ತನ್ನು ಧ್ಯಾನದಿಂದಲೇ ತೆಗೆದೆ. ಉಳಿದೆರಡನ್ನು ಇನ್ನೂ ಒಳ್ಳೆಯ ಬೆಳಕಿಗೆಂದು ಕಾದಿರಿಸಿ ಕ್ಯಾಮೆರಾವನ್ನು ಬೀರುವಿನ ಮೇಲಿಟ್ಟೆ.

ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದರೆ ಕ್ಯಾಮೆರಾದ ಬೆನ್ನು ಬಾಯಿ ತೆರೆದಿತ್ತು. ಅವ್ವ ಜಗುಲಿಯ ಬಿಸಿಲಿನಲ್ಲಿ ಕನ್ನಡಕ ಏರಿಸಿಕೊಂಡು ಒಳಗೆ ಪರೀಕ್ಷೆ ನಡೆಸಿದ್ದಳು.

"ಏನವ್ವ ಮಾಡ್ಬುಟ್ಟೆ?"

"ಐದು ದಿನ ಆಯ್ತಲ್ಲ, ಬಲ್ತೈತಾ ಅಂತ ಒಸಿ ನೋಡ್ದೆ. ಒಂದು ಕುಯ್ದು ನೋಡ್ದಂಗೆ ಯಾರಾದ್ರೂ ಗೂಡು ಬುಡುಸ್ತಾರಾ? ಒಳಗೇನೂ ಇಲ್ಲ ಕಣ್ಲಾ, ಬರೀ ಕಾಗ್ದ. ನಿಂಗೆ ಜೊಳ್ಳು ಕೊಟ್ಟವ್ರೆ."

ನಮ್ಮ ಮನೆಯ ಕ್ರಮವೇ ಅದು. ಹುಳು ಗೂಡು ಕಟ್ಟಿ ಐದು ದಿನಕ್ಕೆ ಒಂದು ಗೂಡನ್ನು ಕೊಯ್ದು, ಒಳಗಿನದು ಬಲಿತಿದೆಯೇ ನೋಡಿ, ಆಮೇಲೆ ಉಳಿದವನ್ನು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವುದು. ನಲವತ್ತು ವರ್ಷ ಅವ್ವನಿಗೆ ಕೈಕೊಡದ ಕ್ರಮ. ಅಷ್ಟುದ್ದ ಭಾಷಣ ಮಾಡಿದ ನಾನು, ತೆರೆಯಬೇಡ, ಬೆಳಕು ಬಿದ್ದರೆ ರೀಲು ಕೆಡುತ್ತದೆ ಎಂಬ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ.

ಆದರೂ ರೀಲನ್ನು ಬೆಂಗಳೂರಿಗೆ ಕಳಿಸಿದೆ. ಬಿಸಿಲು ತಾಗಿದ ಹೊರಸುತ್ತುಗಳಲ್ಲಿ ನನ್ನ ಧ್ಯಾನವೆಲ್ಲ ಕರಗಿ ಹೋಗಿತ್ತು. ಬಿಗಿಯಾಗಿ ಸುತ್ತಿಕೊಂಡ ಒಳಗಿನ ಸುತ್ತಿನಲ್ಲಿ ಒಂದೇ ಒಂದು ಉಳಿದಿತ್ತು: ಎಲ್ಲಕ್ಕೂ ಮೊದಲು ಸುತ್ತಿಕೊಂಡದ್ದು, ಬೆರಳು ಜಾರಿದ್ದು. ಅವ್ವ ಒಂದಿಷ್ಟು ಅಂಚಿಗಿದ್ದಾಳೆ. ಕೈಯೆತ್ತಿ ನನ್ನನ್ನು ಬಯ್ಯುತ್ತಿದ್ದಾಳೆ, ಕೆನ್ನೆಯ ಸುಕ್ಕುಗಳಲ್ಲೆಲ್ಲ ನಗು. ಒಂದೊಂದು ಸುಕ್ಕೂ ಅಪ್ಪನ ಮೀಸೆಯಷ್ಟೇ ಸ್ಪಷ್ಟ.

ಇನ್ನೊಂದು ರೀಲು ತರಿಸುತ್ತೇನೆ ಎಂದೆ.

"ಇದೇ ಇರ್ಲಿ ಬುಡು," ಎಂದಳು ಅವ್ವ. "ನಿಮ್ಮಪ್ಪ ಅಲ್ಲಿ ಒಬ್ರೇ ಮೀಸೆ ಬುಟ್ಕಂಡು ಗತ್ತಾಗಿ ಕೂತವ್ರೆ. ಪಕ್ಕದಲ್ಲಿ ಬಯ್ಯೋರು ಬ್ಯಾಡ್ವಾ?"

ಬದುಕಿರುವವರ ಫೋಟೊ ಆ ಗೋಡೆಗೆ ಏರುವ ಹಾಗಿಲ್ಲ. ಹಾಗಾಗಿ ಅದೀಗ ಅವ್ವನ ಟ್ರಂಕಿನಲ್ಲಿದೆ, ಕಟ್ಟು ಹಾಕಿಸಿಕೊಂಡು, ಸೀರೆಗಳ ನಡುವೆ. ಅಲ್ಲಿಂದ ಅದು ಹೊರಗೆ ಬರುವುದು ಎಷ್ಟು ತಡವಾದರೂ ನನಗೆ ಅಡ್ಡಿಯಿಲ್ಲ. ಸದ್ಯಕ್ಕೆ ಬಯ್ಗುಳ ನೇರವಾಗಿಯೇ ಸಿಗುತ್ತಿದೆ.