ಚೌಡಪ್ಪನವರ ಬಿಳಿ ದಾರ

ಚೌಡಪ್ಪನವರ ಬಳಿ ಎರಡು ಗಡಿಯಾರಗಳಿದ್ದವು. ಒಂದು ಕೈಯಲ್ಲಿ, ಇನ್ನೊಂದು ಅಂಗಿಯ ಜೇಬಿನಲ್ಲಿ. ಯಾರಾದರೂ ಟೈಮೆಷ್ಟು ಎಂದು ಕೇಳಿದರೆ ಎರಡನ್ನೂ ನೋಡಿ, ಆಮೇಲೆ ಕೇಳಿದವರನ್ನೇ ‘ನಿಮ್ಮದರಲ್ಲಿ ಎಷ್ಟಾಗಿದೆ?’ ಎನ್ನುತ್ತಿದ್ದರು. ಮೂರೂ ತಾಳೆಯಾದರೂ ಗಂಟೆ ಹೇಳುತ್ತಿರಲಿಲ್ಲ, ‘ಹನ್ನೊಂದರ ಹತ್ತಿರ ಇರಬೇಕು’ ಎನ್ನುತ್ತಿದ್ದರು. ಆಫೀಸಿನ ಟೀ ಮೆಷಿನ್ನಿನ ಟೀ ಮುಟ್ಟುತ್ತಿರಲಿಲ್ಲ. ಅದರೊಳಗೆ ಹಾಲು ಯಾವಾಗ ಹಾಕಿದರೆಂದು ಕಣ್ಣಾರೆ ಕಂಡವರು ಯಾರೂ ಇರಲಿಲ್ಲವಲ್ಲ. ಸ್ಕೂಟರಿಗೆ ಬೀಗ ಹಾಕಿ ಹತ್ತು ಹೆಜ್ಜೆ ಬಂದವರು ಮತ್ತೆ ವಾಪಸು ಹೋಗಿ ಹ್ಯಾಂಡಲ್ ಅಲ್ಲಾಡಿಸಿ ನೋಡುತ್ತಿದ್ದರು. ಇಂಥ ಮನುಷ್ಯ ನಾನು ಕಂಡಂತೆ ಒಬ್ಬರನ್ನು ಮಾತ್ರ ಪರೀಕ್ಷೆ ಮಾಡದೆ ನಂಬಿದರು. ಆ ಒಬ್ಬಳು ನಾನು, ಮತ್ತು ನಂಬಬಾರದಾಗಿದ್ದವಳೂ ನಾನೇ.

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಮೇಲೇಳುತ್ತಿದ್ದ ಕಾಲ ಅದು. ನಮ್ಮೂರು ಆವತಿಯಲ್ಲಿ ಆಗ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಬಿಳಿ ಕಾರೊಂದು ಊರೊಳಗೆ ಬಂದರೆ ಸಾಕು, ಯಾರ ಮನೆ ಮುಂದೆ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಇಡೀ ಬೀದಿ ಲೆಕ್ಕ ಹಾಕುತ್ತಿತ್ತು. ನಮ್ಮ ದ್ರಾಕ್ಷಿ ತೋಟದ ಬೇಲಿಯ ಪಕ್ಕ ಯಾರಾದರೂ ಮೂತ್ರಕ್ಕೆ ನಿಂತರೂ ಅಪ್ಪನಿಗೆ ಅವನು ಜಮೀನು ಅಳತೆ ಮಾಡುತ್ತಿರುವಂತೆ ಕಾಣುತ್ತಿತ್ತು. ಅಂಥ ಅಪ್ಪ ನನ್ನನ್ನು ದೊಡ್ಡಬಳ್ಳಾಪುರದ ಕೆಲಸಕ್ಕೆ ಕಳಿಸಲು ಒಪ್ಪಿದ್ದೇ ದೊಡ್ಡದು. ಹಗಲು ಪಾಳಿ ಮಾತ್ರ, ಇದೊಂದೇ ಕೆಲಸ, ಇದು ತಪ್ಪಿದರೆ ಇನ್ನೊಂದಕ್ಕೆ ಕಳಿಸುವ ಮಾತಿಲ್ಲ, ನೋಡಿಟ್ಟಿರುವ ಗಂಡಿಗೆ ಹೂಂ ಅನ್ನಬೇಕು ಎಂಬ ಷರತ್ತಿನ ಮೇಲೆ ಕಳಿಸಿದರು. ಆ ಗಂಡು ಚಿಂತಾಮಣಿಯ ಕಡೆಯವನು, ಮಾತಿಗೊಮ್ಮೆ ಮೀಸೆ ತೀಡಿಕೊಳ್ಳುವವನು. ಆ ಕೆಲಸ ಉಳಿಸಿಕೊಳ್ಳಲು ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಕೈಗಾರಿಕಾ ಪ್ರದೇಶದ ಆ ಕಟ್ಟಡದೊಳಗೆ ಬೇರೆಬೇರೆ ಸಂಸ್ಥೆಗಳ ಕಂಪ್ಯೂಟರ್ ಕೆಲಸವೆಲ್ಲ ನಡೆಯುತ್ತಿತ್ತು. ನಾನು ಆಪರೇಟರ್, ಎಂದರೆ ಪರದೆಯ ಮುಂದೆ ಕುಳಿತು ಕಾಯುವವಳು. ಮೆಷಿನ್ ಕೋಣೆಯ ನಡುವೆ ಬೀರುವಿನಷ್ಟು ಎತ್ತರದ ಒಂದು ಸರ್ವರ್ ಇತ್ತು. ಅದರಲ್ಲಿ ಎಂಟು ಸ್ಲಾಟು, ಒಂದೊಂದು ಸ್ಲಾಟಿನಲ್ಲಿ ಒಂದೊಂದು ಬೋರ್ಡು. ಬೋರ್ಡುಗಳನ್ನು ಮೂರು ಪಾರ್ಟಿಷನ್ ಮಾಡಿ ಹಂಚಿದ್ದರು. ನಾಲ್ಕು ಬೋರ್ಡು ಬೆಂಗಳೂರಿನ ಒಂದು ಆಸ್ಪತ್ರೆಗೆ, ಮೂರು ಗುಲಾಬಿ ರಫ್ತು ಮಾಡುವವರಿಗೆ, ಉಳಿದ ಒಂದು ನಮ್ಮದೇ ಪ್ರಯೋಗಗಳಿಗೆ. ಹೊರಗಿನಿಂದ ಮೆಷಿನ್ ಒಂದೇ, ಒಳಗೆ ಮೂರು. ಈ ಹಂಚಿಕೆ ಮಾಡುವುದು, ಬದಲಿಸುವುದು, ಕೆಟ್ಟದ್ದನ್ನು ಕೀಳುವುದು ಚೌಡಪ್ಪನವರ ಕೆಲಸವಾಗಿತ್ತು.

ನಾನು ಸೇರಿದ ದಿನ ಅವರೇ ಅದನ್ನು ವಿವರಿಸಿದ್ದರು. “ಒಂದೇ ಸೂರು, ಮೂರು ಸಂಸಾರ ಕಣಮ್ಮ. ನಡುವೆ ಗೋಡೆ ಗಟ್ಟಿಯಾಗಿದೆ. ಒಂದ್ಮನೆ ದೀಪ ಆರಿದ್ರೆ ಪಕ್ಕದೋರಿಗೆ ಗೊತ್ತೂ ಆಗ್ಬಾರ್ದು. ಆದ್ರೆ ನೀನು ಕತ್ಲೇಲಿ ಹೋಗಿ ಬೇರೆಯೋರ ಮನೆ ಕದ ಕಿತ್ರೆ, ಗೋಡೆ ಏನ್ ಮಾಡುತ್ತೆ?”

ಅವರು ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಅವರ ತಮ್ಮನೊಬ್ಬ ಮನೆಯಲ್ಲೇ ನಾಲ್ಕು ಪವರ್‌ಲೂಮ್ ನಡೆಸುತ್ತಿದ್ದ. ಇವರು ಮಾತ್ರ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ, ಅದು ಮುಚ್ಚುವ ಹೊತ್ತಿಗೆ ಹೊರಬಂದು, ನಮ್ಮಲ್ಲಿ ಕಾಂಟ್ರಾಕ್ಟ್ ಮೇಲೆ ಸೇರಿದ್ದರು. ಮನೆಯಿಂದ ಬಣ್ಣದ ರೇಷ್ಮೆ ದಾರ ತಂದು ಪ್ರತಿ ಬೋರ್ಡಿನ ಹಿಡಿಗೂ ಕಟ್ಟಿದ್ದರು. ಆಸ್ಪತ್ರೆಗೆ ಕೆಂಪು, ಗುಲಾಬಿಯವರಿಗೆ ಹಳದಿ, ನಮ್ಮದಕ್ಕೆ ಬಿಳಿ. ಯಾವ ಬೋರ್ಡು ಯಾರದೆಂದು ಪರದೆಯೇ ಹೇಳುತ್ತದಲ್ಲ ಸರ್ ಎಂದರೆ, ಪರದೆ ಹೇಳುವುದು ಅದಕ್ಕೆ ಯಾರೋ ಹೇಳಿಕೊಟ್ಟದ್ದನ್ನು, ಆ ಯಾರೋ ಯಾರು ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಆ ದಾರಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಗಂಟು ಕೂಡ ನೇಕಾರರದ್ದು, ನಮಗೆ ಬಿಚ್ಚಲು ಬರುತ್ತಿರಲಿಲ್ಲ.

ಇನ್ನೊಂದು ಶಾಸ್ತ್ರವಿತ್ತು. ಬೋರ್ಡು ಕೀಳುವ ಮುಂಚೆ ಪರದೆಯಿಂದ ಕಮಾಂಡ್ ಕೊಟ್ಟು ಆ ಸ್ಲಾಟಿನ ಪುಟ್ಟ ದೀಪವನ್ನು ಮಿನುಗಿಸಬೇಕು. ಆಮೇಲೆ ಒಳಗೆ ಹೋಗಿ ಯಾವುದು ಮಿನುಗುತ್ತಿದೆ ಎಂದು ಕಣ್ಣಿಂದ ನೋಡಬೇಕು. ಮಿನುಗುತ್ತಿದೆ ಸರ್ ಎಂದು ನಾವು ಕೂಗಿದರೆ ಅವರದು ಒಂದೇ ಮಾತು: “ಹೇಳ್ತಿದೀಯಾ, ನೋಡಿದೀಯಾ?” ಈ ಮಾತು ನಮ್ಮ ಆಫೀಸಿನಲ್ಲಿ ಗಾದೆಯಾಗಿತ್ತು. ಕ್ಯಾಂಟೀನಿನಲ್ಲಿ ಚಿತ್ರಾನ್ನ ಇದೆ ಎಂದು ಯಾರಾದರೂ ಹೇಳಿದರೂ ಹುಡುಗಿಯರು ಅದನ್ನೇ ಕೇಳಿ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

ನಕ್ಕರೂ ಅವರ ಅನುಮಾನ ಸುಳ್ಳಾಗುತ್ತಿರಲಿಲ್ಲ ಎಂಬುದೇ ಸಿಟ್ಟು ತರಿಸುತ್ತಿತ್ತು. ಒಮ್ಮೆ ಹೊಸ ಬೋರ್ಡೊಂದು ಸೀಲು ಹಾಕಿದ ಡಬ್ಬದಲ್ಲಿ ಬಂತು. ಒಳಗೆ ಇಷ್ಟು ಮೆಮೊರಿ ಎಂದು ಚೀಟಿ ಅಂಟಿಸಿದ್ದರು. ತಂದ ಹುಡುಗ ಸಹಿ ಹಾಕಿ ಎಂದು ಅವಸರ ಮಾಡಿದ. ಚೌಡಪ್ಪನವರು ಅವನನ್ನು ಕೂರಿಸಿ, ಡಬ್ಬ ಒಡೆದು, ಒಂದೊಂದೇ ಮೆಮೊರಿ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ಎಣಿಸಿದರು. ಎರಡು ಕಡಿಮೆ ಇದ್ದವು. ಹುಡುಗನ ಮುಖ ಸಣ್ಣಗಾಯಿತು. ಅವನದೇನೂ ತಪ್ಪಿಲ್ಲ, ಡಬ್ಬ ತುಂಬಿದವನೂ ಯಾರದೋ ಮಾತು ನಂಬಿರುತ್ತಾನೆ ಎಂದು ಅವನಿಗೇ ಸಮಾಧಾನ ಹೇಳಿ ಕಳಿಸಿದರು. ಅಂದಿನಿಂದ ಅವರ ಮನಸ್ಸಿನಲ್ಲಿ ಹುಳ ಹೊಕ್ಕಿತು. ಹಳೆಯ ಬೋರ್ಡುಗಳನ್ನು ತಾವು ಎಣಿಸಿಲ್ಲವಲ್ಲ, ಅವುಗಳಲ್ಲಿ ಎಷ್ಟಿವೆಯೋ ಎಂದು ವಾರವೆಲ್ಲ ಕೊರಗಿದರು. ಕಡೆಗೊಂದು ಭಾನುವಾರ ಮೆಷಿನ್ ನಿಲ್ಲಿಸಲು ಅನುಮತಿ ಪಡೆದು, ಎರಡೆರಡೇ ಬೋರ್ಡು ಹೊರತೆಗೆದು ಎಣಿಸಿ, ತಿರುಗಿ ತೂರಿಸಿದರು. ಎಲ್ಲ ಸರಿಯಾಗಿತ್ತು. ನನಗೆ ಚೆನ್ನಾಗಿ ನೆನಪಿದೆ, ಆ ಸೋಮವಾರ ಅವರು ತುಂಬ ನೆಮ್ಮದಿಯಿಂದ ಮುದ್ದೆ ಉಂಡರು.

ನನ್ನನ್ನು ಅವರು ಯಾವಾಗಿನಿಂದ ನಂಬತೊಡಗಿದರೋ ಗೊತ್ತಿಲ್ಲ. ಮೊದಲ ಆರು ತಿಂಗಳು ನಾನು ನೋಡಿ ಬಂದದ್ದನ್ನು ಅವರೂ ಹೋಗಿ ನೋಡಿ ಬರುತ್ತಿದ್ದರು. ನಾನು ರೇಗುತ್ತಿದ್ದೆ. ಆಮೇಲೆ ಒಂದು ದಿನ ಅವರು ಕುರ್ಚಿಯಿಂದ ಏಳಲಿಲ್ಲ. ಸರೋಜಮ್ಮ ನೋಡಿದಾಳೆ ಅಂದ ಮೇಲೆ ಆಯ್ತು ಬಿಡು ಎಂದು ಮ್ಯಾನೇಜರಿಗೆ ಹೇಳಿದರು. ನನಗೆ ಅಷ್ಟು ಹೆಮ್ಮೆಯಾದದ್ದು ಡಿಪ್ಲೊಮಾ ಪಾಸಾದಾಗಲೂ ಅಲ್ಲ.

ಅವರ ಮಗಳ ನಿಶ್ಚಿತಾರ್ಥ ಒಂದು ಶನಿವಾರ ಇತ್ತು. ಅಂದೇ ಮಧ್ಯಾಹ್ನ ಐದನೇ ಸ್ಲಾಟಿನ ಬೋರ್ಡು ಕೆಟ್ಟಿದೆ ಎಂದು ಪರದೆ ಕೂಗತೊಡಗಿತು. ಐದನೆಯದು ನಮ್ಮ ಪ್ರಯೋಗದ್ದು, ಆಸ್ಪತ್ರೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ನಿಂತು ಬೇಗ ಬೇಗ ಎನ್ನುತ್ತಿದ್ದರು. ಚೌಡಪ್ಪನವರಿಗೆ ಫೋನ್ ಮಾಡಿದೆ. ಹಿಂದೆ ನಾದಸ್ವರ ಕೇಳುತ್ತಿತ್ತು. ಅವರು ಒಂದೊಂದಾಗಿ ಹೇಳಿದರು: ಆ ಪಾರ್ಟಿಷನ್ ನಿಲ್ಲಿಸು, ಐದನೇ ಸ್ಲಾಟಿನ ಪವರ್ ತೆಗಿ, ದೀಪ ಮಿನುಗಿಸಿ ಹೋಗಿ ನೋಡು, ಬಿಳಿ ದಾರದ್ದು, ಆಮೇಲೆ ಕೀಳು. ಮೊದಲ ಎರಡು ಮಾಡಿದೆ. ದೀಪದ ಕಮಾಂಡ್ ಕೊಡಲಿಲ್ಲ. ಬಿಳಿ ದಾರ ಇರುವುದು ಒಂದೇ ಬೋರ್ಡಿಗೆ, ಅದಕ್ಕೆ ಇನ್ನೇನು ಶಾಸ್ತ್ರ ಎಂದುಕೊಂಡೆ. ಫೋನನ್ನು ಕಿವಿಗೆ ಒತ್ತಿಕೊಂಡೇ ಒಳಗೆ ಹೋದೆ.

“ನೋಡಿದ್ಯಾ ಸರೋಜಮ್ಮ, ದೀಪ ಮಿನುಗ್ತಾ ಇದ್ಯಾ?”

“ನೋಡ್ದೆ ಸರ್. ಮಿನುಗ್ತಾ ಇದೆ.”

“ಸರಿ, ಹಾಗಾದ್ರೆ ಕೀಳು.”

ಬಿಳಿ ದಾರದ ಬೋರ್ಡನ್ನು ಎಳೆದೆ. ಆರಿರಬೇಕಿದ್ದ ಅದರ ಪವರ್ ದೀಪ ಹಸಿರಾಗಿ ಉರಿಯುತ್ತಿತ್ತು ಎಂದು ಈಗ ನೆನಪಾಗುತ್ತದೆ. ಆಗ ನನ್ನ ಕಣ್ಣು ದಾರದ ಮೇಲಿತ್ತು. ಹೊರಗೆ ಬರುವಷ್ಟರಲ್ಲಿ ಮ್ಯಾನೇಜರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದರು. ನಿಂತದ್ದು ಆಸ್ಪತ್ರೆಯ ಮೆಷಿನ್ನು. ಅದು ಮತ್ತೆ ಸರಿಯಾಗಿ ಏಳಲು ಸಂಜೆಯಾಯಿತು. ಅಷ್ಟು ಹೊತ್ತೂ ಅಲ್ಲಿ ರಕ್ತ ಪರೀಕ್ಷೆಯ ರಿಪೋರ್ಟಿಗಾಗಿ ಜನ ಕಾರಿಡಾರಿನಲ್ಲಿ ಕೂತಿದ್ದರಂತೆ. ಒಬ್ಬ ಬಸುರಿ ಹೆಂಗಸು ರಿಪೋರ್ಟು ಸಿಗದೆ ಬಸ್ಸು ಹತ್ತಿ ಊರಿಗೆ ಹೊರಟುಹೋದಳಂತೆ. ಆಕೆ ಯಾರೋ, ಅವಳಿಗೆ ಏನಾಯಿತೋ ನನಗೆ ಗೊತ್ತಾಗಲಿಲ್ಲ.

ಚೌಡಪ್ಪನವರು ರೇಷ್ಮೆ ಪಂಚೆಯಲ್ಲೇ ಸ್ಕೂಟರ್ ಹತ್ತಿ ಬಂದರು. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ನೇರ ಒಳಗೆ ಹೋಗಿ, ಮೊಣಕಾಲೂರಿ, ಸ್ಲಾಟುಗಳ ಕೆಳಗೆ ಚಿಕ್ಕದಾಗಿ ಬರೆದಿದ್ದ ನಂಬರುಗಳನ್ನು ಓದಿದರು. ಎಷ್ಟೋ ಹೊತ್ತು ಏಳಲೇ ಇಲ್ಲ. ಆಗಿದ್ದು ಇಷ್ಟೇ. ಮೆಷಿನ್ನಿಗೆ ಗೊತ್ತಿರುವುದು ಸ್ಲಾಟು. ನಾಲ್ಕನೇ ಸ್ಲಾಟು ಆಸ್ಪತ್ರೆಯದು, ಐದನೆಯದು ನಮ್ಮದು, ಅದರಲ್ಲಿ ಯಾವ ಬೋರ್ಡಿದ್ದರೂ ಅದಕ್ಕೆ ಒಂದೇ. ದಾರ ಕಟ್ಟಿದ್ದದ್ದು ಮಾತ್ರ ಬೋರ್ಡಿಗೆ. ಆ ಭಾನುವಾರ ಎಣಿಸಲೆಂದು ಹೊರತೆಗೆದ ಎರಡು ಬೋರ್ಡುಗಳನ್ನು ಅವರು ತಿರುಗಿ ತೂರಿಸುವಾಗ ಅದಲು ಬದಲಾಗಿದ್ದವು. ಯಾರನ್ನೂ ನಂಬದೆ ಎಣಿಸಲು ಹೋದವರು ತಮ್ಮ ಕೈಯನ್ನು ನಂಬಿಬಿಟ್ಟಿದ್ದರು.

ಆದರೆ ದೀಪ ಮಿನುಗಿಸಿದ್ದರೆ ಆ ಅದಲು ಬದಲು ಒಂದೇ ಕ್ಷಣಕ್ಕೆ ಗೊತ್ತಾಗುತ್ತಿತ್ತು. ಅದು ನನಗೆ ಗೊತ್ತು. ಅವರಿಗೂ ಗೊತ್ತಾಗಲೇಬೇಕು. ಕೊಟ್ಟ ಕಮಾಂಡುಗಳೆಲ್ಲ ಮೆಷಿನ್ನಿನ ಲಾಗಿನಲ್ಲಿ ಸಾಲಾಗಿ ಬರೆದಿರುತ್ತವೆ. ನೋಡನೋಡುತ್ತಲೇ ಅವರು ಅದರ ಪ್ರಿಂಟ್ ತೆಗೆದರು. ಎರಡು ಹಾಳೆ ಬಂತು. ಅವರು ಹಾಳೆಗಳನ್ನು ಮಡಿಸಿಕೊಂಡು ನನ್ನ ಬಳಿ ಬಂದು ನಿಂತರು.

“ಸರೋಜಮ್ಮ, ಒಂದೇ ಸಲ ಕೇಳ್ತೀನಿ. ದೀಪ ನೋಡ್ದೆ ತಾನೆ?”

ಚಿಂತಾಮಣಿಯ ಮೀಸೆ ಕಣ್ಮುಂದೆ ಬಂತು. “ನೋಡ್ದೆ ಸರ್” ಎಂದೆ.

ಅವರು ಹಾಳೆಗಳನ್ನು ಜೇಬಿಗೆ ಹಾಕಿಕೊಂಡು ಮ್ಯಾನೇಜರ್ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸುತ್ತಿತ್ತು. ಬೋರ್ಡು ಅದಲು ಬದಲು ಮಾಡಿದ್ದು ತಾನು, ಅಕ್ಕಪಕ್ಕದ ದೀಪಗಳು ಬೆರಳಗಲದಲ್ಲಿವೆ, ದಾರ ತಪ್ಪು ಹೇಳಿದರೆ ಕಣ್ಣೂ ದಾರದ ಮಾತೇ ಕೇಳುತ್ತದೆ, ಆ ಹುಡುಗಿಯದು ಏನೂ ತಪ್ಪಿಲ್ಲ ಎಂದರು. ಆಸ್ಪತ್ರೆಯವರಿಗೆ ಯಾರದಾದರೂ ಒಂದು ಹೆಸರು ಬೇಕಿತ್ತು. ಚೌಡಪ್ಪನವರ ಕಾಂಟ್ರಾಕ್ಟು ಅಲ್ಲಿಗೆ ಮುಗಿಯಿತು. ಸೋಮವಾರ ಬಂದು ಮೂರು ಬಣ್ಣದ ದಾರಗಳನ್ನೂ ತಾವೇ ಬಿಚ್ಚಿ, ಎಲ್ಲರಿಗೂ ಕೈಮುಗಿದು ಹೋದರು. ನನಗೆ ಮಾತ್ರ, ಕೆಲಸ ಬಿಡಬೇಡ, ನಿನ್ನ ಕಣ್ಣು ಒಳ್ಳೇದು ಎಂದರು.

ನನ್ನ ಕೆಲಸ ಉಳಿಯಿತು. ಚಿಂತಾಮಣಿಯ ಗಂಡು ಬೇರೆ ಕಡೆ ಮದುವೆಯಾದ. ಏರ್‌ಪೋರ್ಟ್ ಶುರುವಾಯಿತು, ನಮ್ಮ ದ್ರಾಕ್ಷಿ ತೋಟದ ಮೇಲೆ ವಿಮಾನಗಳು ಹಾರಾಡಿದವು, ನಾನು ಸೀನಿಯರ್ ಆಪರೇಟರ್ ಆದೆ. ಆದರೆ ಅವರ ರೋಗ ನನಗೆ ಅಂಟಿತ್ತು. ಆ ಎರಡು ಹಾಳೆ ಯಾಕೆ ಇಟ್ಟುಕೊಂಡರು? ಓದಿದವರು ಸುಮ್ಮನೆ ಯಾಕಿದ್ದರು? ಎಂದಾದರೂ ಬಂದು ಮೇಜಿನ ಮೇಲಿಡಬಹುದು ಎಂದು ಅನುಮಾನ. ದೊಡ್ಡಬಳ್ಳಾಪುರದ ನಂಬರಿನಿಂದ ಫೋನ್ ಬಂದರೆ ಎತ್ತುವ ಮುಂಚೆ ಎರಡು ಸಲ ನಂಬರು ನೋಡುತ್ತಿದ್ದೆ. ನನ್ನ ಕೆಲಸ ಉಳಿಸಿದ ಮನುಷ್ಯನ ಬಗ್ಗೆ ಎರಡು ವರ್ಷ ಹೀಗೆ ಯೋಚಿಸಿದೆನಲ್ಲ, ನಾಚಿಕೆಯಾಗುತ್ತದೆ.

ಕೊನೆಗೆ ತಡೆಯಲಾರದೆ ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಒಳಗೆ ತಮ್ಮನ ಮಗ್ಗಗಳ ಸದ್ದು. ಚೌಡಪ್ಪನವರು ಜಗಲಿಯಲ್ಲಿ ಕುಳಿತಿದ್ದರು, ಸಕ್ಕರೆ ಕಾಯಿಲೆಯಿಂದ ಇಳಿದುಹೋಗಿದ್ದರು. ನನ್ನನ್ನು ನೋಡಿ ಅವರಿಗೆ ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನು ಕೂಗಿ ಕರೆದು, ನಾನು ಹೇಳ್ತಿದ್ನಲ್ಲ ಆವತಿ ಹುಡುಗಿ, ಇವಳೇ ಎಂದರು. ಆಕೆ ಕಾಫಿ ಮಾಡಲು ಒಳಗೆ ಹೋದರು. ಅಷ್ಟರಲ್ಲೇ ಹೇಳಿಬಿಡಬೇಕೆಂದು ಹೇಳಿದೆ. ಅವತ್ತು ನಾನು ದೀಪ ನೋಡಿರಲಿಲ್ಲ, ಕಮಾಂಡೇ ಕೊಟ್ಟಿರಲಿಲ್ಲ, ಲಾಗಿನಲ್ಲಿ ನಿಮಗೆ ಗೊತ್ತಾಗಿರುತ್ತದೆ, ಕ್ಷಮಿಸಿ ಸರ್ ಎಂದೆ.



“ನಾನು ಓದ್ಲಿಲ್ಲ ಕಣಮ್ಮ” ಎಂದರು. “ಅವತ್ತು ಮನೆಗ್ ಬಂದೋನೇ ಬಚ್ಚಲೊಲೆಗೆ ಹಾಕ್ಬಿಟ್ಟೆ. ನೀನು ನೋಡ್ದೆ ಅಂದಿದ್ದೆ.”

ಕಾಫಿ ಬಂತು. ಬಂದವರನ್ನು ಬೀದಿಯ ತಿರುವಿನವರೆಗೂ ಬಿಟ್ಟುಬರುವಂಥ ಮನುಷ್ಯ, ನಾನು ಹೊರಟಾಗ ಜಗಲಿಯಿಂದ ಏಳಲಿಲ್ಲ. ಬಾಗಿಲ ಕಡೆ ನೋಡುತ್ತ ಒಂದು ಮಾತು ಹೇಳಿದರು: “ಇದನ್ನ ನನಗ್ಯಾಕೆ ಹೇಳೋಕ್ ಬಂದೆ? ನಂಬೋಕೆ ಅಂತ ನನಗೆ ಒಬ್ರಿದ್ರು.”

ಮಾರನೆಯ ವರ್ಷ ಅವರು ಹೋಗಿಬಿಟ್ಟರು. ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ನಿಜ ಹೇಳಿ ಒಳ್ಳೆಯದೇ ಮಾಡಿದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಆ ಜಗಲಿಯಲ್ಲಿ ಕುಳಿತಿದ್ದ ಚೌಡಪ್ಪನವರ ಮುಖ ನೋಡಿಲ್ಲ. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಹೋಗಿದ್ದೆ, ಇಳಿಸಿಯೂ ಬಂದೆ, ಆ ಮುದುಕನ ತಲೆಯ ಮೇಲೆ.