ಸೂಜಿ ಮೇಡಂ ತರಿಸಿದ ನಿಧಿ ಪುಸ್ತಕಗಳು

ಆ ಶಾಲೆಯಲ್ಲಿ ಎಲ್ಲರೂ ಅವರನ್ನು ಸೂಜಿ ಮೇಡಂ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಹೊಲಿಗೆ ಕಲಿಸಿದವರು. ಹೊಲಿಗೆ ತರಗತಿ ನಿಂತಾಗ, ಮನೆಗೆ ಕಳಿಸಲು ಯಾರಿಗೂ ಮನಸ್ಸಾಗದೆ ಲೈಬ್ರರಿಯ ಬೀಗದ ಕೈ ಕೊಟ್ಟಿದ್ದರು. ಮೊದಲ ವರ್ಷವೆಲ್ಲ ಮೇಡಂ ಬೆನ್ನು ಕಿತ್ತ ಪುಸ್ತಕಗಳಿಗೆ ದಪ್ಪ ದಾರದಲ್ಲಿ ಹೊಲಿಗೆ ಹಾಕಿದರು. ಹೊಲಿದದ್ದೇ ಬಂತು, ಓದುವವರು ಮಾತ್ರ ಬರಲಿಲ್ಲ.

ಮರುವರ್ಷ ಹೊಸ ಪುಸ್ತಕ ತರಿಸಲು ಅನುಮತಿ ಸಿಕ್ಕಿತು. ಆಗಷ್ಟೇ ಪ್ರತಿ ತರಗತಿಗೂ ದೊಡ್ಡ ಡಿಜಿಟಲ್ ಬೋರ್ಡ್ ಬಂದಿತ್ತು.

"ತರಗತೀಲಿ ತಂತ್ರಜ್ಞಾನ ಬಳಸೋದು ಹೇಗೆ ಅನ್ನೋ ಪುಸ್ತಕ ತರಿಸಿ, ನಮ್ಮ ಮೇಷ್ಟ್ರುಗಳು ಓದ್ಲಿ," ಎಂದರು ಹೆಡ್ ಮೇಡಂ.

ಸೂಜಿ ಮೇಡಂ ಹಾಗೇ ಪಟ್ಟಿ ಬರೆದರು. ಕೆಳಗೆ ತಾವಾಗಿ ಎಂಟು ಪುಸ್ತಕ ಸೇರಿಸಿದರು. ಮುಳುಗಿದ ಹಡಗುಗಳು, ಯಾರ ಕೈಗೂ ಸಿಗದ ನಿಧಿಗಳು, ತಲೆ ತಿನ್ನುವ ಗುಪ್ತಲಿಪಿಗಳು. ಎಲ್ಲವೂ ನಡೆದ ಸಂಗತಿಗಳೇ, ಕಟ್ಟುಕತೆಯಲ್ಲ.

ಹೆಡ್ ಮೇಡಂ ಹುಬ್ಬೇರಿಸಿದರು. "ಇದೇನ್ರೀ ಇದು? ಮಕ್ಕಳು ಮೈದಾನಾನೇ ಅಗೆದುಬಿಟ್ರೆ?"

"ಅಗೀಲಿ ಬಿಡಿ ಮೇಡಂ, ಗಿಡ ನೆಡೋಕಾಗತ್ತೆ."

ನಗು ತಡೆಯಲಾರದೆ ಅವರು ಸಹಿ ಹಾಕಿದರು.

ನಿಜ ಹೇಳಬೇಕೆಂದರೆ ಸೂಜಿ ಮೇಡಂಗೆ ಈ ಹುಚ್ಚು ಹತ್ತಿಸಿದವರು ಮನೆಯಲ್ಲಿದ್ದ ಅತ್ತೆ. ಕಣ್ಣು ಮಂಜಾದ ಮೇಲೆ ಸೊಸೆಯಿಂದ ಪೇಪರ್ ಓದಿಸಿಕೊಳ್ಳುತ್ತಿದ್ದ ಅವರು, ಹಳೇ ಹಡಗು ಸಿಕ್ಕ ಸುದ್ದಿ ಬಂದರೆ ಸಾಕು, ಕಿವಿ ನೆಟ್ಟಗಾಗಿ, "ಇನ್ನೊಂದ್ಸಲ ಓದೇ," ಎನ್ನುತ್ತಿದ್ದರು. ಎಂಬತ್ತರ ಮುದುಕಿಯನ್ನೇ ಹಿಡಿದು ಕೂರಿಸುವ ವಿಷಯ ಹತ್ತು ವರ್ಷದ ಮಕ್ಕಳನ್ನು ಬಿಟ್ಟೀತೇ?

ಬಿಡಲಿಲ್ಲ. ವಾರದೊಳಗೆ ಎಂಟೂ ಪುಸ್ತಕ ಕಪಾಟಿನಿಂದ ಖಾಲಿ. ತಂತ್ರಜ್ಞಾನದ ಪುಸ್ತಕಗಳು ಮಾತ್ರ ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟರಂತೆ ಕೂತಿದ್ದವು.

ಒಂದು ಮಧ್ಯಾಹ್ನ, ಮಾತೆತ್ತಿದರೆ ಬೈಯುವ ಗಣಿತದ ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಬಂದರು. ನಿವೃತ್ತಿಗೆ ಎರಡು ವರ್ಷವಿದ್ದ ಅವರು ಹೊಸ ಬೋರ್ಡಿನ ತಂಟೆಗೇ ಹೋಗದೆ, ಹಳೇ ಕರಿಹಲಗೆ ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದರು. ಕೈಯಲ್ಲಿ ನಿಧಿಯ ಪುಸ್ತಕವಿತ್ತು.

"ಪಾಠದ ಹೊತ್ತಲ್ಲಿ ಡೆಸ್ಕ್ ಕೆಳಗೆ ಇದನ್ನ ಓದ್ತಾರೆ. ಎಲ್ಲಾ ನಿಮ್ಮ ಕೃಪೆ!"

ಮೇಡಂ ಕ್ಷಮೆ ಕೇಳಿ ಕೈ ಚಾಚಿದರು. ಮೇಷ್ಟ್ರು ಪುಸ್ತಕ ಬಿಡಲಿಲ್ಲ.

"ಅಂದ್ಹಾಗೆ... ಇದ್ರಲ್ಲಿ ಬರೀ ಅಂಕಿಗಳಲ್ಲಿ ಬರೆದ ಒಂದು ಗುಪ್ತಪತ್ರ ಇದೆ. ಎರಡು ದಿನ ನಾನೇ ಇಟ್ಕೊಂಡಿರ್ಲಾ?"

ನಾಲ್ಕನೇ ದಿನ ಕಾಗದದ ಕಟ್ಟು ಹಿಡಿದು ಓಡೋಡಿ ಬಂದರು. "ಮೊದಲ ಸಾಲು ಬಿಡಿಸ್ದೆ! ಮಿಕ್ಕಿದ್ದನ್ನ ಮಕ್ಕಳ ಕೈಲೇ ಬಿಡಿಸ್ಬೇಕು. ಆದ್ರೆ ಅಷ್ಟೂ ಅಂಕೀನ ಹಲಗೆ ಮೇಲೆ ಬರೆಯೋ ಹೊತ್ತಿಗೆ ಗಂಟೆ ಹೊಡೆದಿರತ್ತೆ."

"ದೊಡ್ಡ ಬೋರ್ಡ್ ಇದೆಯಲ್ಲ ಮೇಷ್ಟ್ರೇ."

ಅವರ ಮುಖ ಸಣ್ಣದಾಯಿತು. "ನಂಗದು ಬರಲ್ಲ ತಾಯಿ. ಮಕ್ಕಳೆದುರಿಗೆ ಬೆಪ್ಪಾಗೋದು ಬೇಡ ಅಂತ ದೂರ ಇದ್ದೀನಿ."

ಇಷ್ಟು ದಿನ ಅದನ್ನು ಜಂಬ ಎಂದುಕೊಂಡಿದ್ದ ಮೇಡಂಗೆ ಕೆಡುಕೆನಿಸಿತು. "ನಂಗೂ ಬರಲ್ಲ," ಎಂದರು. "ಶಾಲೆ ಬಿಟ್ಟ ಮೇಲೆ ಇಬ್ರೂ ಸೇರಿ ಬೆಪ್ಪಾಗೋಣ ಬನ್ನಿ. ನೋಡೋರು ಯಾರೂ ಇರಲ್ಲ."

ಖಾಲಿ ತರಗತಿಯಲ್ಲಿ ಮೇಡಂ ತಂತ್ರಜ್ಞಾನದ ಪುಸ್ತಕವನ್ನು ತೊಡೆಯ ಮೇಲಿಟ್ಟು ಗಟ್ಟಿಯಾಗಿ ಓದುವುದು, ಮೇಷ್ಟ್ರು ಬಿಸಿ ಪಾತ್ರೆ ಮುಟ್ಟುವವರಂತೆ ಬೋರ್ಡ್ ಒತ್ತುವುದು. ಮೊದಲ ದಿನ ಚಿತ್ರ ತಲೆಕೆಳಗಾಗಿ ಮೂಡಿತು. ಎರಡನೇ ದಿನ ಪರದೆ ಕಪ್ಪಾಗಿ, ಏನು ಮಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಮೂರನೇ ದಿನ ಗುಪ್ತಪತ್ರ ಬೋರ್ಡಿನ ತುಂಬ ಅರಳಿತು. ನಗುವೇ ಬಾರದ ಮೇಷ್ಟ್ರು, "ಓಹೋಹೋ!" ಎಂದು ಚಪ್ಪಾಳೆ ತಟ್ಟಿಬಿಟ್ಟರು.

ಸೋಮವಾರದ ಪಾಠಕ್ಕೆ ಮೇಡಂ ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಅಂಕಿ ಎಣಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಸೊನ್ನೆ ಬಂದಲ್ಲೆಲ್ಲ ಒಂದು ಪದ ಮುಗೀತಿದೆ ಅಲ್ವಾ?" ಎಂದಳು.

ಮೇಷ್ಟ್ರು ಬೋರ್ಡಿನತ್ತ ತಿರುಗಿ ಸೊನ್ನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. "ನಂಗೇ ಹೊಳೀಲಿಲ್ಲ ನೋಡು," ಎಂದು ಅವಳನ್ನೇ ಮುಂದೆ ಕರೆದರು. ಎರಡನೇ ಸಾಲು ಸರಸರ ಬಿಚ್ಚಿಕೊಂಡಿತು. ಮೇಡಂಗೆ ಕಣ್ಣು ಒದ್ದೆಯಾಗಿ, ಯಾರಿಗೂ ಕಾಣದಂತೆ ಸರಿದುಹೋದರು.

ಅದೇ ವಾರ ವಿಜ್ಞಾನದ ಟೀಚರ್ ಬಂದು ಬೋರ್ಡಿನ ಪುಸ್ತಕ ಕೇಳಿದರು. ಅದಿನ್ನೂ ಮೇಷ್ಟ್ರ ಬಳಿಯೇ ಇತ್ತು. "ಪುಸ್ತಕ ಯಾಕೆ, ಅವರನ್ನೇ ಕೇಳಿ," ಎಂದು ಮೇಡಂ ಕಳಿಸಿದರು. ನಿವೃತ್ತಿಯಾಗುವಷ್ಟರಲ್ಲಿ ಮೇಷ್ಟ್ರು ಆರು ಜನ ಟೀಚರ್‌ಗಳಿಗೆ ಆ ಬೋರ್ಡ್ ಕಲಿಸಿದರು, ಅದೂ ಬೈಯದೆ.