ಬೆಳೆಯುತ್ತಿದ್ದ ಚೌರಿ

ಒಣಗದ ಕೂದಲಿಗೆ ಒಂದು ವಾಸನೆ ಇದೆ. ಎಣ್ಣೆ, ಬೆವರು, ಮಳೆಯಲ್ಲಿ ನೆನೆದ ಹತ್ತಿಬಟ್ಟೆ, ಇವೆಲ್ಲ ಮುಚ್ಚಿದ ಡಬ್ಬಿಯೊಳಗೆ ಕೂತು ಹಳಸಿದಂಥ ವಾಸನೆ. ಮೊನ್ನೆ ನನ್ನ ಅಂಗಡಿಗೆ ಬಂದ ಹುಡುಗಿಯೊಬ್ಬಳು ತಲೆತುಂಬ ಸಣ್ಣ ಸಣ್ಣ ಜಡೆ ಹಾಕಿಸಿಕೊಂಡು, ಬಿಚ್ಚಿಸುವುದನ್ನು ಮುಂದೂಡುತ್ತ ತಿಂಗಳುಗಟ್ಟಲೆ ಕಳೆದಿದ್ದಳು. ಕತ್ತಿನ ಹತ್ತಿರದ ಮೊದಲ ಜಡೆ ಬಿಚ್ಚುತ್ತಿದ್ದಂತೆ ಆ ವಾಸನೆ ಮೇಲೆದ್ದು ಬಂತು. ನನ್ನ ಕೈ ನಿಂತಿತು. ಯಾರೋ ಬೆನ್ನ ಹಿಂದೆ ನಿಂತು ನನ್ನ ಜಡೆಯ ತುದಿ ಹಿಡಿದುಕೊಂಡಂತಾಯಿತು. ಎದುರಿನ ಕನ್ನಡಿಯಲ್ಲಿ ನೋಡಿದೆ. ಯಾರೂ ಇರಲಿಲ್ಲ. ನನಗೀಗ ಹಿಡಿದುಕೊಳ್ಳಲು ಜಡೆಯೂ ಇಲ್ಲ, ಭುಜಕ್ಕೆ ತಾಗುವಷ್ಟು ಗುಂಗುರು ಕೂದಲು ಬಿಟ್ಟುಕೊಂಡೇ ಓಡಾಡುತ್ತೇನೆ. ಆದರೂ ಕತ್ತು ತಾನಾಗಿಯೇ ಸ್ವಲ್ಪ ಹಿಂದಕ್ಕೆ ವಾಲಿತು, ಎಂಟು ವರ್ಷದವಳಿದ್ದಾಗ ವಾಲುತ್ತಿದ್ದ ಹಾಗೆ.

ಕೂದಲು ನನ್ನ ಕಸುಬು. ಕಡಲಾಚೆಯ ಈ ದ್ವೀಪನಗರದ ಬೆಡೋಕ್ ಬಡಾವಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಶುರು ಮಾಡಿದವಳು ನಾನು. ಡೀಲರು ತಂದ ಕೂದಲನ್ನು ಎರಡು ಬೆರಳ ನಡುವೆ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಉಜ್ಜಿದರೆ ಸಾಕು, ಬುಡ ತುದಿ ಅದಲುಬದಲಾಗಿ ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಆಮೇಲೆ ಅವನು ಹೇಳಿದ ರೇಟನ್ನು ಅವನೇ ಇಳಿಸುತ್ತಾನೆ. ಬಂದವರಿಗೆಲ್ಲ ಕೇಳದಿದ್ದರೂ ಬುದ್ಧಿ ಹೇಳುವ ಚಾಳಿ ನನಗಿದೆ, ನಿಮಗೂ ಹೇಳಿಬಿಡುತ್ತೇನೆ. ಜಡೆ ಹಾಕಿಸುವ ಮುಂಚೆ ತಲೆ ತೊಳೆದು ಬುಡದ ತನಕ ಒಣಗಿಸಿ. ಮೇಲೆ ಒಣಗಿದರೆ ಒಣಗಿತು ಅಂದುಕೊಳ್ಳಬೇಡಿ, ಈ ಊರಿನ ಗಾಳಿ ಮೋಸ ಮಾಡುತ್ತದೆ. ಸಿಕ್ಕನ್ನು ಬೆರಳಿನಿಂದ, ತುದಿಯಿಂದ ಮೇಲಕ್ಕೆ ಬಿಡಿಸಿ. ಜಡೆ ಹಾಕಿದ ದಿನ ನೋವಾದರೆ ಅದು ಅಂದ ಅಲ್ಲ, ಅಪಾಯ. ಇದನ್ನೆಲ್ಲ ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಎಡಗಣ್ಣಿನ ಮೇಲೆ, ಕಿವಿಗೂ ಹಣೆಗೂ ನಡುವೆ, ಹೆಬ್ಬೆರಳಗಲದ ಜಾಗವೊಂದಿದೆ. ಅಲ್ಲಿ ಇವತ್ತಿಗೂ ಕೂದಲು ತೆಳುವು.

ಅಮ್ಮ ವಸುಧಾ ತೀರಿಕೊಂಡ ಮೇಲೆ ಅಪ್ಪ ಮತ್ತು ನಾನು ಊರಿನ ಇನ್ನೊಂದು ತುದಿಯ ಚೋವಾ ಚು ಕಾಂಗಿನ ಮನೆ ಖಾಲಿ ಮಾಡಿ, ಬೆಡೋಕಿನಲ್ಲಿದ್ದ ದೊಡ್ಡಮ್ಮನ ಮನೆಗೆ ಶಿಫ್ಟ್ ಆದೆವು. ದೊಡ್ಡಮ್ಮ ಎಂದರೆ ಅಮ್ಮನ ಸ್ವಂತ ಅಕ್ಕ. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಟ್ಯೂಷನ್ ಸೆಂಟರಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಅಪ್ಪ ರಾಫೆಲ್ಸ್ ಪ್ಲೇಸಿನ ಆಫೀಸಿಗೆ ಬೆಳಿಗ್ಗೆ ಎಂಆರ್‌ಟಿ ರೈಲು ಹತ್ತಿದರೆ ಕತ್ತಲಾದ ಮೇಲೆಯೇ ಬರುತ್ತಿದ್ದದ್ದು. ಹೀಗಾಗಿ ಆ ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವರು ನಾವಿಬ್ಬರೇ, ದೊಡ್ಡಮ್ಮ ಮತ್ತು ನಾನು. ಚೌರಿಯನ್ನೂ ಸೇರಿಸಿದರೆ ಮೂವರು.

ಚೌರಿ ಎಂದರೆ ಜಡೆಗೆ ಸೇರಿಸಿ ಹೆಣೆಯುವ ಕೂದಲ ಕಟ್ಟು. ನಮ್ಮದು ಅಮ್ಮನ ಕೂದಲಿನದು. ಆಸ್ಪತ್ರೆಗೆ ಸೇರುವ ಮುಂಚೆ, ಔಷಧಕ್ಕೆ ಉದುರಿ ಹಾಳಾಗುವುದು ಬೇಡವೆಂದು ಅಮ್ಮ ತಾನೇ ಕತ್ತರಿಸಿ ಅಕ್ಕನ ಕೈಗೆ ಕೊಟ್ಟಿದ್ದಳಂತೆ. ದೊಡ್ಡಮ್ಮ ಅದನ್ನು ಮೈಸೂರಿಗೆ ಒಯ್ದು, ಬುಡಕ್ಕೆ ಕಪ್ಪು ದಾರ ಬಿಗಿಸಿ ಕಟ್ಟಿಸಿಕೊಂಡು ಬಂದಿದ್ದರು. ತೀರಿಕೊಂಡವರ ಕೂದಲು ಮಗುವಿನ ತಲೆಗೆ ಬೇಡ ಎಂದು ಅಪ್ಪ ಒಮ್ಮೆ ಮೆತ್ತಗೆ ಹೇಳಿದ್ದು ನೆನಪಿದೆ. ದೊಡ್ಡಮ್ಮ ಚೌಕಾಸಿಯಲ್ಲಿ ಎಂದೂ ಸೋತವರಲ್ಲ. "ಅವಳು ಬದುಕಿದ್ದಾಗ ಕೊಟ್ಟಿದ್ದು ಇದು. ತೀರಿಕೊಂಡವರದು ಹೇಗಾಗತ್ತೆ, ನೀವೇ ಹೇಳಿ" ಎಂದರು.

ಪ್ರತಿ ಬೆಳಿಗ್ಗೆ ತಲೆಗೆ ಸ್ನಾನ ಮಾಡಿಸಿ, ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಎಣ್ಣೆ ಹಚ್ಚಿ, ಅಡುಗೆಮನೆಯ ಹಿಂದೆ ಬಟ್ಟೆ ಒಣಗಿಸುವ ಜಾಗದಲ್ಲಿ ದೊಡ್ಡಮ್ಮ ನನ್ನನ್ನು ಮಂಡಿಗಳ ನಡುವೆ ಕೂರಿಸಿಕೊಳ್ಳುತ್ತಿದ್ದರು. ನನ್ನ ಗಿಡ್ಡ ಗುಂಗುರು ಕೂದಲಿಗೆ ಚೌರಿಯ ಭಾರ ನಿಲ್ಲಬೇಕಲ್ಲ, ಅದಕ್ಕೆ ಕಿವಿಯ ಮೇಲಿನಿಂದಲೇ ಎಳೆದೆಳೆದು ಹೆಣೆದುಕೊಂಡು ಬರುತ್ತಿದ್ದರು. ಆಮೇಲೆ ಸೊಂಟದವರೆಗೆ ಇಳಿದ ಜಡೆಯನ್ನು ಸ್ಕೂಲಿಗಾಗಿ ಮೇಲಕ್ಕೆ ಮಡಿಚಿ ಕಟ್ಟುತ್ತಿದ್ದರು. ನೋವಾಗುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ. ಕ್ಲಾಸಿನಲ್ಲಿ ಕೂತಾಗ ಆ ಭಾರ ಹಿಂದಕ್ಕೆ ಎಳೆಯುತ್ತಿತ್ತು, ಹಿಂದಿನ ಬೆಂಚಿನಲ್ಲಿ ಯಾರೋ ಕೂತು ಜಡೆ ಹಿಡಿದುಕೊಂಡ ಹಾಗೆ. ಅದು ಅಮ್ಮ ಎಂದೇ ನಾನು ತಿಳಿದಿದ್ದೆ. ಸಂಜೆ ಬಿಚ್ಚಿದ ಮೇಲೆ ಚೌರಿ ಬಚ್ಚಲ ಬಾಗಿಲ ಮೊಳೆಗೆ ತೂಗುತ್ತಿತ್ತು. ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಫ್ಯಾನು ಆಫ್ ಮಾಡಿದ ಮೇಲೂ ಅದು ಕೊಂಚ ಹೊತ್ತು ಆಡುತ್ತಿತ್ತು.

ಒಂದು ದಿನ ನನಗೆ ಅನುಮಾನ ಬಂತು. ಚೌರಿ ಬೆಳೆಯುತ್ತಿತ್ತು. ಮೊದಲು ನನ್ನ ಎರಡು ಬೆರಳಿನ ನಡುವೆ ಹಿಡಿಯುತ್ತಿದ್ದದ್ದು ಈಗ ಮುಷ್ಟಿಗೂ ದಪ್ಪವೆನಿಸತೊಡಗಿತ್ತು. ಅದೇ ಹೊತ್ತಿಗೆ ನನ್ನ ಹಣೆ ಅಗಲವಾಗುತ್ತ ಹೋಯಿತು. ಕಿವಿಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು, ಆಮೇಲೆ ಬರೀ ಚರ್ಮ ಹೊಳೆಯಿತು. ಅದು ನನ್ನ ಕೂದಲನ್ನು ತಿಂದು ಬೆಳೆಯುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಹೆದರಿಕೆ ಆಗಲಿಲ್ಲವೇ ಎಂದು ಕೇಳಬಹುದು. ಆಗುತ್ತಿತ್ತು. ಆದರೆ ಅಮ್ಮನಿಗೆ ಬೇಕಾಗಿದ್ದರೆ ತೆಗೆದುಕೊಳ್ಳಲಿ ಎಂದೂ ಅನ್ನಿಸುತ್ತಿತ್ತು.

ನಮ್ಮ ಬ್ಲಾಕಿನಲ್ಲಿ ಘಾನಾ ದೇಶದ ಗ್ರೇಸ್ ಆಂಟಿ ಇದ್ದರು. ಅವರ ಮಗಳು ಎಫುವಾ ನನ್ನ ಕ್ಲಾಸಿನವಳು. ಶನಿವಾರ ಬಂತೆಂದರೆ ಆಂಟಿ ಕಟ್ಟಡದ ಕೆಳಗೆ ಎಲ್ಲರಿಗೂ ಬಿಟ್ಟ ತೆರೆದ ಜಾಗ, ಅಂದರೆ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಹತ್ತಿರ ಮಗಳನ್ನು ಕೂರಿಸಿಕೊಂಡು, ಹಳೇ ಜಡೆಗಳನ್ನು ತುದಿಯಿಂದ ಬಿಚ್ಚಿ, ಬೆರಳಿನಲ್ಲಿ ಸಿಕ್ಕು ಬಿಡಿಸಿ, ಹೊಸದಾಗಿ ಹೆಣೆಯುತ್ತಿದ್ದರು. ನಾನು ನೋಡುತ್ತ ನಿಲ್ಲುತ್ತಿದ್ದೆ. ಒಂದು ಶನಿವಾರ ಎಫುವಾ ನನ್ನ ಹಣೆ ನೋಡಿ, "ಮಮ್ಮಿ, ಅವಳ ತಲೆ ಹುಣ್ಣಾಗಿದೆ ಲಾ" ಎಂದಳು. ಆಂಟಿ ನನ್ನನ್ನು ಹತ್ತಿರ ಕರೆದು ಬೆರಳ ತುದಿಯಿಂದ ಆ ಜಾಗ ಮುಟ್ಟಿ ನೋಡುತ್ತಿದ್ದಾಗ ದೊಡ್ಡಮ್ಮ ತರಕಾರಿ ಚೀಲ ಹಿಡಿದು ಮಾರ್ಕೆಟ್ಟಿನಿಂದ ಬಂದರು. ಅವರಿಬ್ಬರೂ ಆಡಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ.

"ಈ ಮಗುವಿಗೆ ಜಡೆ ಹಾಕೋದು ಯಾರು, ಸಿಸ್ಟರ್?"

"ನಾನೇ. ಯಾಕೆ?"

"ತುಂಬಾ ನೀಟಾಗಿ ಹಾಕಿದೀರ. ಅದೇ ಪ್ರಾಬ್ಲಮ್. ಇವಳು ನಗೋದಕ್ಕೆ ಹಣೆ ಬಿಡ್ತಾ ಇಲ್ಲ."

"ಬಿಗಿಯಾಗಿ ಕಟ್ಟಿದ್ರೇ ಕೂದಲು ಬೆಳೆಯೋದು. ನಮ್ಮ ಕಡೆ ಹಾಗೆ."

"ನಮ್ಮ ಕಡೇನೂ ಹಾಗೇ ಅಂತಿದ್ರು. ನಮ್ಮಮ್ಮನಿಗೆ ಕಿವಿ ತನಕ ಬೋಳು." ಗ್ರೇಸ್ ಆಂಟಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಇದನ್ನ ಹೀಗೇ ಎಳೀತಾ ಹೋದ್ರೆ ಇಲ್ಲಿ ಮತ್ತೆ ಬರಲ್ಲ. ಎಂದಿಗೂ ಬರಲ್ಲ. ಈ ಸೇರಿಸಿರೋ ಕೂದಲನ್ನ ತೆಗೀಲೇಬೇಕು."

ನಾನು ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಬೇಡ. ತೆಗೆದ್ರೆ ಅಮ್ಮ ಹೋಗಿಬಿಡ್ತಾಳೆ."

ದೊಡ್ಡಮ್ಮ ತರಕಾರಿ ಚೀಲವನ್ನು ನಿಧಾನವಾಗಿ ಕಲ್ಲುಮೇಜಿನ ಮೇಲಿಟ್ಟರು. ಬಿಚ್ಚಿ ಎಂಬಂತೆ ಗ್ರೇಸ್ ಆಂಟಿಗೆ ತಲೆಯಾಡಿಸಿದರು. ಆಂಟಿ ಬಿಚ್ಚತೊಡಗಿದರು. ಅವರು ಬಿಚ್ಚಿದ ರೀತಿ ನೋಡಬೇಕಿತ್ತು ನೀವು, ಒಂದೇ ಒಂದು ಎಳೆಯನ್ನೂ ಜಗ್ಗಲಿಲ್ಲ, ಬಿಗಿ ಇದ್ದಲ್ಲಿ ಬೆರಳಿಗೆ ಎಣ್ಣೆ ತಾಗಿಸಿ ಕಾದರು. ಚೌರಿ ಬೇರ್ಪಟ್ಟು ಮೇಜಿನ ಮೇಲೆ ಬಿದ್ದಾಗ ಆ ಹಳಸಲು ವಾಸನೆ ಎದ್ದಿತು. ಎಫುವಾ ಮೂಗು ಮುಚ್ಚಿಕೊಂಡಳು. ಆಂಟಿ ಚೌರಿಯನ್ನು ಬೆಳಕಿಗೆ ಹಿಡಿದು ಹರಡಿದರು. ಕಪ್ಪು ಕೂದಲಿನ ನಡುವೆ ಬಿಳಿ ಎಳೆಗಳಿದ್ದವು, ಒಂದೆರಡಲ್ಲ, ತುಂಬ.

"ಇವಳಮ್ಮನಿಗೆ ವಯಸ್ಸಾಗಿತ್ತಾ?" ಆಂಟಿ ಕೇಳಿದರು.

ಅಮ್ಮನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಹಾಗಾದರೆ ಅಮ್ಮನಿಗೆ ಆ ಮೊಳೆಯ ಮೇಲೆ, ಬಚ್ಚಲ ಬಾಗಿಲ ಹಿಂದೆ, ಒಬ್ಬಳಿಗೇ ವಯಸ್ಸಾಗುತ್ತಿತ್ತು.

ದೊಡ್ಡಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಅದು ನಂದು ಕಣೇ ಪುಟ್ಟಿ. ಬಾಚಿದಾಗಲೆಲ್ಲ ಅವಳದು ಒಂದಿಷ್ಟು ಉದುರ್ತಿತ್ತು. ಹೀಗೇ ಉದುರಿದ್ರೆ ಒಂದಿನ ಖಾಲಿ ಆಗಿಬಿಡತ್ತಲ್ಲ. ಅದಕ್ಕೆ ನನ್ನ ತಲೇಲಿ ಉದುರಿದ್ದನ್ನ ಒಟ್ಟು ಮಾಡಿ ಸೇರಿಸಿ ಕಟ್ತಾ ಬಂದೆ. ನೀನು ಸ್ಕೂಲಿಗೆ ಹೋದಾಗ." ಚೌರಿಯ ಕಡೆ ಬೊಟ್ಟು ಮಾಡಿ, "ನಿಂದೂ ಇದೆ ಅದರಲ್ಲಿ. ಬಾಚಣಿಗೇಲಿ ಬಂದಿದ್ದೆಲ್ಲ. ಈಗ ಅವಳದು ಯಾವುದು, ಎಷ್ಟಿದೆ, ನಂಗೂ ಗೊತ್ತಿಲ್ಲ."

ನನ್ನ ಅನುಮಾನ ನಿಜವೇ ಆಗಿತ್ತು. ನನ್ನ ಕೂದಲು ಅದರೊಳಗೇ ಹೋಗಿತ್ತು.

ಅದನ್ನು ಏನು ಮಾಡುವುದು ಎಂಬುದು ಮನೆಯಲ್ಲಿ ದೊಡ್ಡ ಮಾತಾಯಿತು. ಕಸಕ್ಕೆ ಹಾಕುವಂತಿಲ್ಲ, ಇಟ್ಟುಕೊಂಡರೆ ನಾನು ಮತ್ತೆ ಹಠ ಮಾಡುತ್ತೇನೆ. ಕೊನೆಗೆ ಒಂದು ಭಾನುವಾರ ಬೆಳಗಿನ ಜಾವ ಮೂವರೂ ಸಮುದ್ರಕ್ಕೆ ಹೋದೆವು. ಹಡಗುಗಳು ದೂರದಲ್ಲಿ ದೀಪ ಹಚ್ಚಿಕೊಂಡೇ ನಿಂತಿದ್ದವು. "ಬೇಗ ಬಿಡಿ ಅಕ್ಕ, ಯಾರಾದ್ರೂ ನೋಡಿದ್ರೆ ಫೈನ್ ಹಾಕ್ತಾರೆ" ಎಂದು ಅಪ್ಪ ಹಿಂದೆ ಮುಂದೆ ನೋಡುತ್ತಿದ್ದರು. ದೊಡ್ಡಮ್ಮ ಚೌರಿಯನ್ನು ನೀರಿಗೆ ಬಿಟ್ಟರು. ಅಲೆ ಅದನ್ನು ತಂದು ಅವರ ಕಾಲಿಗೆ ಸುತ್ತಿತು. ಮತ್ತೆ ಬಿಟ್ಟರು, ಮತ್ತೆ ಬಂತು. ಈ ಸಲ ನನ್ನ ಪಾದದ ಮೇಲೆ ಬಂದು, ಅಲೆ ಹಿಂದಕ್ಕೆ ಹೋದರೂ ಹೋಗದೆ ಉಳಿಯಿತು. ನಾನು ಅಲ್ಲಾಡಲಿಲ್ಲ. ಅಪ್ಪನೂ ಫೈನಿನ ಮಾತು ಬಿಟ್ಟರು.

"ಮೊದಲಿಂದಲೂ ಹಠಮಾರಿ" ಎಂದರು ದೊಡ್ಡಮ್ಮ. ಆಮೇಲೆ ಏನೋ ಹೊಳೆದವರಂತೆ ಬಗ್ಗಿ ಅದನ್ನು ಎತ್ತಿಕೊಂಡರು. "ಕಟ್ಟು ಬಿಚ್ಚದೇ ಹೋಗು ಅಂದ್ರೆ ಎಲ್ಲಿಗೆ ಹೋಗ್ತಾಳೆ ಪಾಪ." ಮರಳಿನ ಮೇಲೆ ಕೂತು ಉಗುರಿನಿಂದ ಕಪ್ಪು ದಾರದ ಗಂಟನ್ನು ಬಿಡಿಸಿದರು. ಎಷ್ಟೋ ಸಲ ತಾವೇ ಬಿಗಿದ ಗಂಟು, ಸುಲಭಕ್ಕೆ ಬಿಡಲಿಲ್ಲ. ಬಿಟ್ಟ ಮೇಲೆ ನೀರಿಗೆ ತೇಲಿಸಿದಾಗ ಕೂದಲು ಹೂವಿನ ಹಾಗೆ ಹರಡಿಕೊಂಡಿತು, ಕಪ್ಪು, ಬಿಳಿ, ನನ್ನ ಗಿಡ್ಡ ಗುಂಗುರು, ಎಲ್ಲ ಬೇರೆ ಬೇರೆಯಾಗಿ. ಮುಂದಿನ ಅಲೆಯಲ್ಲಿ ಏನೂ ಕಾಣಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ತಲೆ ತೀರ ಹಗುರವಾಗಿ, ನಡೆದರೆ ಮುಂದಕ್ಕೆ ಬಿದ್ದುಬಿಡುತ್ತೇನೆ ಅನ್ನಿಸುತ್ತಿತ್ತು. ದೊಡ್ಡಮ್ಮ ಗ್ರೇಸ್ ಆಂಟಿಯಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ತಲೆ ಒಣಗುವವರೆಗೆ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ ಮಗ್ಗಿ ಕೇಳುತ್ತಿದ್ದರು, ರಾತ್ರಿ ತಮ್ಮ ಹಳೇ ರೇಷ್ಮೆ ಸೀರೆಯ ತುಂಡನ್ನು ತಲೆಗೆ ಸುತ್ತುತ್ತಿದ್ದರು. ಸಡಿಲವಾಗಿ ಎರಡು ಜಡೆ, ಕೆಲವು ದಿನ ಅದೂ ಇಲ್ಲ. ಜಡೆ ಬಿಚ್ಚಿದಾಗ ಒಂದು ಹಿಡಿ ಕೂದಲು ಕೈಗೆ ಬಂದರೆ ಗಾಬರಿಯಾಗಬೇಡಿ, ಅಷ್ಟು ದಿನ ಒಳಗೇ ಸಿಕ್ಕಿಕೊಂಡಿದ್ದ ಉದುರುಕೂದಲು ಅದು. ಇದನ್ನು ನಾನು ಇವತ್ತು ಗಿರಾಕಿಗಳಿಗೆ ಹೇಳುವ ಧಾಟಿ ದೊಡ್ಡಮ್ಮನದೇ. ಬಲಗಡೆ ಬೇಗ ಚಿಗುರಿತು. ಎಡಗಡೆ ತಡವಾಗಿ, ಅರೆಬರೆಯಾಗಿ ಬಂತು.

ಭುಜ ಮುಟ್ಟುವಷ್ಟು ಬೆಳೆದ ಮೇಲೆ, ಒಂದು ಮಧ್ಯಾಹ್ನ ಕೂದಲು ಬಿಟ್ಟುಕೊಂಡು ನಮ್ಮ ಮಹಡಿಯ ಉದ್ದ ಕಾರಿಡಾರಿನಲ್ಲಿ ಲಿಫ್ಟಿನ ಕಡೆ ಹೋಗುತ್ತಿದ್ದೆ. ಹಿಂದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ದೊಡ್ಡಮ್ಮ, "ಏ ವಸೂ, ನಿಂತ್ಕೊಳ್ಳೇ, ಬಂದೆ" ಎಂದು ಕರೆದರು. ಅಮ್ಮನ ಹೆಸರು ಹಿಡಿದು ಕರೆದದ್ದು ಅವರಿಗೆ ಗೊತ್ತಾಗಲಿಲ್ಲ. ನಾನು ತಿರುಗಿ ನೋಡಲಿಲ್ಲ, ತಿರುಗಿದರೆ ನನ್ನ ಮುಖ ಕಂಡುಬಿಡುತ್ತಿತ್ತು. ಅವರು ಬರುವವರೆಗೆ ಬೆನ್ನು ತೋರಿಸಿಕೊಂಡೇ ನಿಂತಿದ್ದೆ. ಹತ್ತಿರ ಬಂದು ನನ್ನ ಕೂದಲನ್ನು ಒಮ್ಮೆ ಹಿಂದಕ್ಕೆ ಸರಿಸಿದರು, ಎಳೆಯಲಿಲ್ಲ.

ದೊಡ್ಡಮ್ಮ ಈಗಿಲ್ಲ. ಆ ಮನೆಯಲ್ಲಿ ಬೇರೆಯವರಿದ್ದಾರೆ. ಅಂಗಡಿಗೆ ಹೋಗುವಾಗ ಕೆಲವೊಮ್ಮೆ ಆ ಬ್ಲಾಕಿನ ಲಿಫ್ಟ್ ಹತ್ತಿ, ಆ ಕಾರಿಡಾರಿನಲ್ಲಿ ನಿಧಾನವಾಗಿ ನಡೆದು ಬರುತ್ತೇನೆ. ನನ್ನನ್ನು ಹಿಂದಿನಿಂದ ನೋಡಿ ತಪ್ಪು ಹೆಸರು ಹಿಡಿದು ಕರೆಯುವವರು ಈ ಊರಿನಲ್ಲಿ ಇನ್ನು ಯಾರೂ ಉಳಿದಿಲ್ಲ.